ಪುನುಗಿನ ಗುಡಿಸಲಿನ ಲುಬಾಬಾ

ಕಾಫಿ ಕಾಡಿನ ನಡುವಿನ ನಮ್ಮೂರು ಚೆಫೆ ಜಾಲಾದ ಹೆಂಗಸರು ಬೆಳಗ್ಗೆ ಗುಂಪು ಕಟ್ಟಿಕೊಂಡು ತೊರೆಗೆ ನೀರಿಗೆ ಹೋಗುತ್ತಾರೆ. ಮಣ್ಣಿನ ಕೊಡವನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವಾಗ ಒಬ್ಬಳ ಗಂಡನ ಗೊರಕೆಯಿಂದ ಹಿಡಿದು ಇನ್ನೊಬ್ಬಳ ಅತ್ತೆಯ ನಾಲಿಗೆಯವರೆಗೆ ಎಲ್ಲವೂ ಮಾತಿಗೆ ಬರುತ್ತದೆ. ಲುಬಾಬಾ ಮಾತ್ರ ಆ ಗುಂಪು ಹಿಂತಿರುಗಿದ ಮೇಲೆ ಹೋಗುತ್ತಿದ್ದಳು. ಎದುರಿಗೆ ಯಾರಾದರೂ ಬಂದರೆ ದಾರಿ ಬಿಟ್ಟು ಕಾಫಿ ಗಿಡಗಳ ನಡುವೆ ಸರಿದು ನಿಂತು, ಅವರು ದಾಟಿದ ಮೇಲೆ ಮುಂದೆ ಸಾಗುತ್ತಿದ್ದಳು. ಸೊಕ್ಕು ಎಂದವರಿದ್ದರು. ಮೈಮೇಲೆ ಜಿನ್ ಇದೆ ಎಂದವರೂ ಇದ್ದರು.

ಹುಡುಗಿಯಾಗಿದ್ದಾಗ ಅವಳು ಹೀಗಿರಲಿಲ್ಲ. ಪಕ್ಕದ ಮನೆಯ ಮೆದಿನಾ ಅವಳ ಜೊತೆಗಾತಿ. ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಮೆದಿನಾ ಜಗಳಕ್ಕೆ ನಿಂತರೆ ಲುಬಾಬಾ ಅವಳ ಹಿಂದೆ ನಿಂತು ಕಲ್ಲು ಆಯ್ದು ಕೊಡುತ್ತಿದ್ದಳು. ನಗುವುದರಲ್ಲಂತೂ ಲುಬಾಬಾಳನ್ನು ಮೀರಿಸುವವರಿರಲಿಲ್ಲ. ನಗಲು ಶುರು ಮಾಡಿದರೆ ಬಿಕ್ಕಳಿಕೆ ಬಂದು ಬೆನ್ನು ತಟ್ಟಿ ನಿಲ್ಲಿಸಬೇಕಾಗುತ್ತಿತ್ತು.

ಅವಳ ತಂದೆ ಅಬ್ಬಾ ಬುಲ್ಗು ಪುನುಗಿನ ಬೆಕ್ಕು ಸಾಕುವವನು. ಅವನ ತಂದೆಯೂ ಅಜ್ಜನೂ ಅದೇ ಕೆಲಸದವರು. ಮನೆಯ ಹಿಂದೆ, ಕಾಡುಬಾಳೆಯ ದಟ್ಟ ಸಾಲಿನ ಆಚೆ, ಕಿಟಕಿಯಿಲ್ಲದ ಒಂದು ದುಂಡು ಗುಡಿಸಲು. ಒಳಗೆ ಹಗಲೂ ರಾತ್ರಿಯೂ ಆರದ ಬೆಂಕಿ. ಗೋಡೆಯುದ್ದಕ್ಕೂ ಕೋಲು ಹೆಣೆದು ಮಾಡಿದ ಉದ್ದನೆಯ ಇಕ್ಕಟ್ಟಾದ ಗೂಡುಗಳು, ಒಂದೊಂದರಲ್ಲೂ ಒಂದೊಂದು ಗಂಡು ಬೆಕ್ಕು. ಬೆಕ್ಕು ಎನ್ನುತ್ತೇವೆ, ನೋಡಲು ನಾಯಿಯಷ್ಟು ಗಾತ್ರ; ಬೂದು ಮೈಮೇಲೆ ಕಪ್ಪು ಚುಕ್ಕೆ, ಕಣ್ಣಿಗೆ ಕಪ್ಪು ಪಟ್ಟಿ. ಗೂಡು ಎಷ್ಟು ಕಿರಿದೆಂದರೆ ಪ್ರಾಣಿ ಹಿಂದಕ್ಕೆ ತಿರುಗಲಾರದು. ತಿರುಗಿದರೆ ಸಾಕುವವನ ಬೆರಳು ಹೋಯಿತೆಂದೇ ಲೆಕ್ಕ. ಬಾಲದ ಕೆಳಗಿನ ಪುಟ್ಟ ಚೀಲದಲ್ಲಿ ಬೆಣ್ಣೆಯಂಥದ್ದೊಂದು ಕೂಡುತ್ತದೆ. ವಾರ ಕಳೆದ ಮೇಲೆ ಬಾಲ ಹಿಡಿದು, ಹಿಂಗಾಲನ್ನು ಸಂದಿಯಿಂದ ಈಚೆಗೆಳೆದು, ಚೀಲವನ್ನು ಮೆಲ್ಲಗೆ ಒತ್ತಿ, ಕೊಂಬಿನ ಚಮಚದಿಂದ ಅದನ್ನು ಕೆರೆದು ತೆಗೆಯಬೇಕು. ಹಾಗೆ ತೆಗೆದ ಪುನುಗನ್ನು ಎತ್ತಿನ ಕೊಂಬಿಗೆ ತುಂಬಿ ಬಾಯಿಗೆ ತೊಗಲು ಕಟ್ಟಿದರೆ, ಜಿಮ್ಮಾದ ವ್ಯಾಪಾರಿ ಬಂದು ಒಯ್ಯುತ್ತಿದ್ದ. ಅದು ಅಡಿಸ್ ಅಬಾಬಾಕ್ಕೆ, ಅಲ್ಲಿಂದ ವಿಮಾನದಲ್ಲಿ ಬಿಳಿಯರ ದೇಶಕ್ಕೆ ಹೋಗಿ ಅತ್ತರಿಗೆ ಸೇರುತ್ತದಂತೆ ಎಂದು ಊರಲ್ಲಿ ಹೇಳುತ್ತಿದ್ದರು. ಹತ್ತಿರದಿಂದ ಮೂಸಿದರೆ ಹೊಟ್ಟೆ ತೊಳೆಸುವ ಆ ವಸ್ತುವನ್ನು ಮೈಗೆ ಹಚ್ಚಿಕೊಳ್ಳುವವರು ಎಂಥವರಿರಬಹುದು ಎಂದು ನಗುತ್ತಲೂ ಇದ್ದರು. ಹಾಗೆ ನಗುವ ನಮ್ಮ ಹೆಂಗಸರೇ ಮದುವೆಯ ಹಿಂದಿನ ದಿನ ಸಾಸಿವೆ ಕಾಳಿನಷ್ಟನ್ನು ಬೆಣ್ಣೆಯಲ್ಲಿ ಕಲಸಿ ಮದುಮಗಳ ತಲೆಗೆ ಹಚ್ಚುತ್ತಾರೆ. ಆಗ ಮನೆಯೆಲ್ಲ ಘಮ್ಮೆನ್ನುತ್ತದೆ.

ಪುನುಗಿನ ಗುಡಿಸಲಿಗೆ ಹೊರಗಿನವರು ಕಾಲಿಡಬಾರದು, ಕಣ್ಣು ತಾಗುತ್ತದೆ. ಹೆಂಗಸರಂತೂ ಇಡಲೇಬಾರದು, ಹೆಣ್ಣಿನ ನೆರಳು ಬಿದ್ದರೆ ಪುನುಗು ನೀರಾಗುತ್ತದೆ, ಬೆಕ್ಕು ಮೇವು ಬಿಡುತ್ತದೆ ಎಂದು ನಂಬಿಕೆ. ಲುಬಾಬಾಳ ತಾಯಿ ಆ ಮನೆಯಲ್ಲಿ ಬದುಕಿ ಸತ್ತಳೇ ಹೊರತು ಆ ಬಾಗಿಲು ದಾಟಿರಲಿಲ್ಲ. ಗಂಡು ಮಗ ಹುಟ್ಟಲಿಲ್ಲ. ಲುಬಾಬಾ ಒಬ್ಬಳೇ ಮಗಳು.

ರಾಜನನ್ನು ಇಳಿಸಿ ಸೈನಿಕರು ಆಳ್ವಿಕೆಗೆ ಬಂದ ಹೊಸತರಲ್ಲಿ ಅಬ್ಬಾ ಬುಲ್ಗುವಿನ ಕಣ್ಣು ಮಂಜಾಗತೊಡಗಿತು. ಮೊದಲು ಅವನು ಯಾರಿಗೂ ಹೇಳಲಿಲ್ಲ. ಹೊಗೆ ಎಂದ, ಧೂಳು ಎಂದ. ಒಂದು ಶುಕ್ರವಾರ ಮಧ್ಯಾಹ್ನ ಊರಿನ ಗಂಡಸರೆಲ್ಲ ಮಸೀದಿಗೆ ಹೋಗಿದ್ದಾಗ ಗುಡಿಸಲಿನಿಂದ ಅವನ ಕೂಗು ಕೇಳಿಸಿತು. ಲುಬಾಬಾ ಓಡಿದಳು. ಬಾಗಿಲಲ್ಲಿ ನಿಂತಳು, ದಾಟಲಿಲ್ಲ.

"ಅಪ್ಪಾ, ಏನಾಯ್ತು?"

"ಏನಿಲ್ಲ, ಹೋಗು."

"ರಕ್ತದ ವಾಸ್ನೆ ಬರ್ತಿದೆ."

"ಹೋಗು ಅಂದ್ನಲ್ಲ!"

ಆಮೇಲೆ ಒಳಗಿನಿಂದ ಸದ್ದೇ ಬರಲಿಲ್ಲ. ಅವಳು ಬಾಗಿಲು ತಳ್ಳಿ ಒಳಗೆ ಹೋದಳು. ತಂದೆ ಬೆಂಕಿಯ ಪಕ್ಕ ಕೂತು ಎಡಗೈಯನ್ನು ಪಂಚೆಯಲ್ಲಿ ಸುತ್ತಿಕೊಂಡಿದ್ದ. ಬಾಲವೆಂದು ತಿಳಿದು ಗೂಡಿನ ತಪ್ಪು ತುದಿಗೆ ಕೈ ಹಾಕಿದ್ದ. ಬೆಕ್ಕು ಹೆಬ್ಬೆರಳನ್ನು ಎಲುಬು ಕಾಣುವಷ್ಟು ಕಚ್ಚಿತ್ತು.

"ನಿಂಗೆ ಕಾಣಲ್ಲ, ಅಲ್ವಾ?" ಎಂದಳು.

ಅವನು ಅತ್ತುಬಿಟ್ಟ. ತಂದೆ ಅಳುವುದನ್ನು ಅವಳು ಅದೇ ಮೊದಲು ನೋಡಿದ್ದು. ಗಾಯ ತೊಳೆದು, ಬಟ್ಟೆ ಕಟ್ಟಿ, "ಹೇಗೆ ಮಾಡ್ಬೇಕು ಹೇಳು, ನಾನು ಮಾಡ್ತೀನಿ" ಎಂದಳು. ಅವನು ತಲೆಯಾಡಿಸಿ ಬೇಡವೆಂದ. ಅವಳು ಚಮಚ ಕೈಗೆತ್ತಿಕೊಂಡಳು. ಬೇಡವೆನ್ನುತ್ತಲೇ ಅವನು ಹೇಳಿಕೊಟ್ಟ: ಬಾಲವನ್ನು ಹೀಗೆ ಹಿಡಿ, ಜೋರಾಗಿ ಒತ್ತಬೇಡ, ಹಿಂಡಬೇಡ, ಅದು ನೋವಿನಿಂದ ಕೂಗಿದರೆ ನಿಲ್ಲಿಸು, ಆದಮೇಲೆ ಬೆಣ್ಣೆ ಹಚ್ಚು. ಕೆಲಸ ಮುಗಿಯುವಾಗ ಮಸೀದಿಯಿಂದ ಜನ ಮರಳುವ ಮಾತು ಕೇಳಿಸಿತು. ಅಬ್ಬಾ ಬುಲ್ಗು ಅವಳ ಮಣಿಕಟ್ಟು ಹಿಡಿದುಕೊಂಡ.

"ನೀನು ಇಲ್ಲಿಗೆ ಬಂದಿದ್ದು ಗಾಳಿಗೂ ಗೊತ್ತಾಗ್ಬಾರ್ದು ಮಗಳೇ. ಗೊತ್ತಾದ್ರೆ ನಮ್ಮ ಪುನುಗನ್ನ ನಾಯೀನೂ ಮೂಸಲ್ಲ."

"ಯಾರಿಗೆ ಗೊತ್ತಾಗುತ್ತೆ? ನಾನು ಹೇಳಲ್ಲ" ಎಂದಳು. ಆಗ ಅವಳಿಗೆ ಹದಿನಾರೋ ಹದಿನೇಳೋ.

ಅಂದಿನಿಂದ ಅವಳ ಬದುಕು ಬೇರೆಯಾಯಿತು. ತಂದೆ ಎಲ್ಲರಿಗೂ ಕಾಣುವಂತೆ ಕೋಲೂರಿಕೊಂಡು ಗುಡಿಸಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವಳು ಕಾಡುಬಾಳೆ ಕಡಿಯುವ ನೆಪ ಮಾಡಿ ಹಿಂದಿನಿಂದ ಸುತ್ತಿ, ಗೋಡೆಯ ಬುಡದಲ್ಲಿ ಸಡಿಲಿಸಿದ ಚಾಪೆಯನ್ನೆತ್ತಿ ನುಸುಳುತ್ತಿದ್ದಳು. "ಕಣ್ಣು ಹೋದ್ರೇನಂತೆ, ಕೈಗೆ ಗೊತ್ತಿದೆ" ಎಂದು ಅಬ್ಬಾ ಬುಲ್ಗು ಊರವರ ಮುಂದೆ ಹೇಳುತ್ತಿದ್ದ. ಮೆಕ್ಕೆಜೋಳದ ಗಂಜಿಗೆ ಹಾಲು ಬೆರೆಸಿ, ಮಾಂಸ ಕೊಚ್ಚಿ, ಮೊಟ್ಟೆ ಒಡೆದು ಬೆಕ್ಕುಗಳಿಗೆ ಹಾಕುವವಳು ಅವಳು. ಬೆಂಕಿ ನೋಡಿಕೊಳ್ಳುವವಳೂ ಅವಳೇ. ಕೆಲಸ ಮುಗಿದ ಮೇಲೆ ತೊರೆಗೆ ಹೋಗಿ ನೊರೆ ಬರುವ ಕಾಡುಕಾಯಿ ಜಜ್ಜಿ ಮೈ ಉಜ್ಜಿಕೊಳ್ಳುತ್ತಿದ್ದಳು. ಬೂದಿ ಹಚ್ಚಿ ತೊಳೆಯುತ್ತಿದ್ದಳು, ನಿಂಬೆ ಹಿಂಡಿ ತೊಳೆಯುತ್ತಿದ್ದಳು. ಚರ್ಮ ಸುಲಿದು ಉರಿಯುತ್ತಿತ್ತು. ಮೂಗಿಗೆ ಕೈ ಹಿಡಿದು ನೋಡಿದರೆ ನಿಂಬೆಯ ವಾಸನೆಯಷ್ಟೇ. ಹೋಯಿತು ಎಂದುಕೊಂಡು ಮನೆಗೆ ಬರುತ್ತಿದ್ದಳು.

ಆದರೂ ಭಯ ಹೋಗಲಿಲ್ಲ. ಯಾರ ಪಕ್ಕದಲ್ಲೂ ಕೂರಬಾರದು ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಳು. ನಮ್ಮೂರಲ್ಲಿ ಕಾಫಿ ಒಬ್ಬರೇ ಕುಡಿಯುವಂಥದ್ದಲ್ಲ. ಇಂದು ಈ ಮನೆ, ನಾಳೆ ಆ ಮನೆ. ಬೀಜ ಹುರಿದ ಹೊಗೆ ಮೇಲೇಳುತ್ತಲೇ ಅಕ್ಕಪಕ್ಕದವರು ಬಂದು ನೆಲಕ್ಕೆ ಹರಡಿದ ಹಸಿರು ಹುಲ್ಲಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕೂರುತ್ತಾರೆ, ಮೂರು ಸುತ್ತು ಕುಡಿಯದೆ ಏಳುವುದಿಲ್ಲ. ಲುಬಾಬಾ ಹೋಗುವುದನ್ನು ಬಿಟ್ಟಳು. ಮೊದಮೊದಲು ಮೆದಿನಾ ಬೇಲಿಯ ಆಚೆಯಿಂದ ಕೂಗುತ್ತಿದ್ದಳು.

"ಏ ಲುಬಾಬಾ! ಕಾಫಿ ಆರಿ ಹೋಗ್ತಿದೆ, ಬಾರೇ!"

"ತಲೆನೋವು ಕಣೇ."

"ನಿನ್ನೇನೂ ತಲೆನೋವು, ಮೊನ್ನೇನೂ ತಲೆನೋವು. ತಲೇನ ಮನೇಲಿಟ್ಟು ಬಾ."

ಲುಬಾಬಾಳಿಗೆ ನಗು ಬಂದರೂ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಕೆಲವು ತಿಂಗಳ ಮೇಲೆ ಮೆದಿನಾ ಕೂಗುವುದನ್ನು ನಿಲ್ಲಿಸಿದಳು. ಮೆದಿನಾಳ ಮದುವೆಯಾಗಿ, ಅದೇ ಊರಿನ ಗಂಡ ಅವಳ ಮನೆಗೇ ಬಂದು ಸೇರಿದ್ದರಿಂದ ಅವಳು ಬೇಲಿಯಾಚೆಯೇ ಉಳಿದಳು, ಮಕ್ಕಳಾದವು. ಆ ಮಕ್ಕಳ ಹೆಸರನ್ನು ಲುಬಾಬಾ ಕಲಿತದ್ದು ಅವರ ತಾಯಿ ಗದರುವುದನ್ನು ಕೇಳಿ.

ಹೀಗಿರುವಾಗ ಅವೊಲ್ ಎಂಬವನು ಅವಳನ್ನು ಕೇಳಿಕೊಂಡು ಬಂದ. ಅವೊಲ್ ಜೇನಿನವನು. ಉದ್ದನೆಯ ಮರದ ಕೊಳವೆಗಳನ್ನು ಕಾಡಿನ ಎತ್ತರದ ಮರಗಳಿಗೆ ಕಟ್ಟಿ, ಹೂ ಬಿಡುವ ಕಾಲ ಮುಗಿದ ಮೇಲೆ ಹಗ್ಗ ಹಾಕಿ ಹತ್ತಿ ಜೇನು ಇಳಿಸುತ್ತಿದ್ದ. ಆಸ್ತಿ ಎನ್ನುವಂಥದ್ದೇನೂ ಇರಲಿಲ್ಲ. ತೊರೆಯಿಂದ ಒಬ್ಬಳೇ ಬರುವ ಹುಡುಗಿಯನ್ನು ಮರದ ಮೇಲಿಂದ ಎಷ್ಟೋ ಸಲ ನೋಡಿದ್ದ. ಒಮ್ಮೆ ಅವಳು ಅವನ ಮರದ ಕೆಳಗೆ ಹಾದು ಹೋಗುವಾಗ ಜೇನುಗಳು ಒಮ್ಮೆಲೇ ಎದ್ದು ಅವಳ ತಲೆಗೆ ಮುತ್ತಿದವು. ಅವಳು ಕೊಡ ಬಿಸಾಡಿ ಓಡಿದಳು. ಅವನು ಸರಸರನೆ ಇಳಿದು ಹಸಿ ಸೊಪ್ಪಿನ ಹೊಗೆ ಹಾಕಿ, ತನ್ನ ಕಂಬಳಿ ಹೊದಿಸಿ ಅವಳನ್ನು ಕೂರಿಸಿ, ನೆತ್ತಿಯ ಮುಳ್ಳುಗಳನ್ನು ಒಂದೊಂದಾಗಿ ಕಿತ್ತ.

"ನನ್ನ ಜೇನು ಇಷ್ಟು ಸಿಡುಕಿನವಲ್ಲ, ಎಲ್ಲರನ್ನೂ ಕಚ್ಚಲ್ಲ" ಎಂದ. "ನಿಮ್ಮನ್ನ ನೋಡಿ ಅವಕ್ಕೇನೋ ಆಯ್ತು."

ಅವಳು ತಲೆ ತಗ್ಗಿಸಿ ಕೂತಿದ್ದಳು. ತಲೆಯ ಮೇಲೆ ಓಡಾಡುತ್ತಿದ್ದ ಅವನ ಬೆರಳುಗಳು ನಿಲ್ಲದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಅಷ್ಟು ಹತ್ತಿರ ಇನ್ನೊಬ್ಬರು ಬಂದು ವರ್ಷಗಳಾಗಿದ್ದವು. ಮರುಕ್ಷಣವೇ ಕೂದಲಲ್ಲಿ ವಾಸನೆ ಉಳಿದಿದ್ದರೆ ಎಂಬ ಭಯವಾಗಿ, ಕಂಬಳಿ ಕಿತ್ತೆಸೆದು ಎದ್ದು ಹೊರಟುಬಿಟ್ಟಳು.

ಮುಂದಿನ ತಿಂಗಳು ಅವೊಲ್ ಊರಿನ ಹಿರಿಯರಿಬ್ಬರನ್ನು ಬಿಳಿ ಜೇನಿನ ಮಡಕೆಯೊಂದಿಗೆ ಕಳಿಸಿದ. ಹಿರಿಯರು ಹೊರಗೆ ಕೂತಿದ್ದಾಗ ಅಬ್ಬಾ ಬುಲ್ಗು ಮಗಳನ್ನು ಒಳಗೆ ಕರೆದ.

"ಹುಡುಗ ಒಳ್ಳೆಯವನು ಅಂತಾರೆ. ನಿನ್ನಿಷ್ಟ, ಮಗಳೇ. ನಾನು ಬೇಡ ಅನ್ನಲ್ಲ."

ಅವನು ಕೋಲಿನ ತುದಿಯನ್ನು ನೆಲಕ್ಕೆ ಒತ್ತಿ ಮುಂದುವರಿಸಿದ.

"ನೀನು ಹೋದ್ರೆ ಬೆಕ್ಕುಗಳು ನನ್ನ ಕೈಲಿ ಉಳಿಯಲ್ಲ. ಆಗ ಎಲ್ಲರೂ ಕೇಳ್ತಾರೆ, ಇಷ್ಟು ದಿನ ಯಾರು ನೋಡ್ಕೊಳ್ತಿದ್ರು ಅಂತ. ನಾನು ಹೇಗೂ ಮುದುಕ. ಉಗಿಸ್ಕೊಂಡು ಸಾಯ್ತೀನಿ. ನಿನ್ನ ಗಂಡನ ಮನೆಯವರು ಏನಂತಾರೆ ಅನ್ನೋದಷ್ಟೇ ನನ್ನ ಚಿಂತೆ."

ಅವಳು ಹೊರಗೆ ಬಂದು ಹಿರಿಯರಿಗೆ ತಲೆಬಾಗಿ, ಜೇನಿನ ಮಡಕೆಯನ್ನು ಅವರ ಮುಂದಿಟ್ಟಳು. ಜೇನನ್ನು ಮರಳಿಸಿದ್ದೇ ಉತ್ತರ. ಕೆಲವು ದಿನಗಳ ನಂತರ ಅವೊಲ್ ತೊರೆಯ ದಾರಿಯಲ್ಲಿ ಅಡ್ಡ ನಿಂತ.

"ನನ್ನಲ್ಲೇನು ಕೊರೆ ಕಂಡ್ರಿ? ಒಂದು ಮಾತು ಹೇಳಿ, ಸಾಕು."

"ಮರದ ಮೇಲೆ ಬದುಕೋ ಕೋತಿಗೆ ಹೆಣ್ಣು ಕೊಡೋರು ಯಾರು?" ಎಂದಳು. ಅವನು ಇನ್ನೆಂದೂ ಕೇಳದಿರಲಿ ಎಂದೇ ಆ ಮಾತನ್ನು ಹುಡುಕಿ ಆಡಿದ್ದು. ಅವನು ದಾರಿ ಬಿಟ್ಟುಕೊಟ್ಟ. ಮನೆಗೆ ಬಂದು ಅವಳು ಹಿಟ್ಟು ಬೀಸುವ ಕಲ್ಲಿನ ಮುಂದೆ ಕೂತು, ಬೀಸಬೇಕಾದ್ದಕ್ಕಿಂತ ಹೆಚ್ಚು ಹಿಟ್ಟು ಬೀಸಿದಳು.

ವರ್ಷಗಳು ಉರುಳಿದವು. ಜಿಮ್ಮಾದ ವ್ಯಾಪಾರಿ ಹಾಜಿ ಮುದೆಸಿರ್ ಹೇಸರಗತ್ತೆಯ ಮೇಲೆ ಬಂದು ಅಂಗಳದ ಅತ್ತಿ ಮರದ ಕೆಳಗೆ ಕೂರುತ್ತಿದ್ದ. ಕೊಂಬಿನ ತೊಗಲು ಬಿಚ್ಚಿ, ಕಡ್ಡಿಯಿಂದ ಒಂದಿಷ್ಟು ತೆಗೆದು ಅಂಗೈಯ ಹಿಂಬದಿಗೆ ಸವರಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಆಮೇಲೆ ಗಟ್ಟಿಯಾಗಿ, ಒಳಗಿನವರಿಗೂ ಕೇಳುವಂತೆ ಹೇಳುತ್ತಿದ್ದ: "ಇಡೀ ಲಿಮ್ಮು ಸೀಮೆಯಲ್ಲಿ ಇಂಥ ಮಾಲು ಇಲ್ಲ. ಹಿಟ್ಟಿಲ್ಲ, ಕೂದಲಿಲ್ಲ, ರಕ್ತದ ಒಂದು ಎಳೆ ಇಲ್ಲ. ಅಬ್ಬಾ ಬುಲ್ಗು, ಈ ಕೈಯನ್ನ ಅಲ್ಲಾ ಕಾಪಾಡಲಿ."

ಅಬ್ಬಾ ಬುಲ್ಗು ಗಡ್ಡ ನೀವಿಕೊಂಡು ನಗುತ್ತಿದ್ದ. ಒಳಗೆ ಒಲೆಯ ಮುಂದೆ ಕೂತ ಲುಬಾಬಾ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಆ ಹೊಗಳಿಕೆ ತನ್ನದೆಂಬ ಹಿಗ್ಗು ಒಂದು ಗಳಿಗೆ. ಅದನ್ನು ಯಾರಿಗೆ ಹೇಳಬೇಕು ಎಂದು ಹುಡುಕಿದರೆ ಯಾರೂ ಇರಲಿಲ್ಲ. ಬೆಕ್ಕುಗಳಿಗೆ ಹೇಳಿದ್ದುಂಟು. ಅವು ಮುಖ ತಿರುಗಿಸಲೂ ಆಗದೆ, ಗೋಡೆಯತ್ತ ನೋಡುತ್ತ ಗುರುಗುಟ್ಟುತ್ತಿದ್ದವು. ಅವುಗಳ ಮೇಲೆ ಅವಳಿಗೆ ಮಮತೆಯಿತ್ತೇ ಎಂದರೆ ಹೇಳುವುದು ಕಷ್ಟ. ಸಾಯುವ ಬೆಕ್ಕಿನ ಪಕ್ಕ ಕೂತು ಹಾಲಿನಲ್ಲಿ ಬೆರಳದ್ದಿ ನೆಕ್ಕಿಸಿದ್ದಳು. ಹಾಗೆಯೇ, ಇವೆಲ್ಲ ಒಂದೇ ದಿನ ಸತ್ತರೆ ತಾನು ಎಲ್ಲಾದರೂ ಹೋಗಬಹುದಿತ್ತಲ್ಲ ಎಂದು ಯೋಚಿಸಿದ್ದೂ ಇತ್ತು.

ಸೈನಿಕರ ಆಳ್ವಿಕೆಯೂ ಮುಗಿದು ಹೊಸಬರು ಬಂದು ಕೆಲವು ವರ್ಷಗಳಾದ ಮೇಲೆ, ಕಾಫಿ ಹಣ್ಣಾಗುವ ಕಾಲದಲ್ಲಿ ಅಬ್ಬಾ ಬುಲ್ಗು ತೀರಿಕೊಂಡ. ಜ್ವರ ಬಂದು ಮಲಗಿದವನು ಏಳಲಿಲ್ಲ. ಕೊನೆಯ ಸಂಜೆ ಮಗಳ ಕೈ ಹಿಡಿದುಕೊಂಡು ಏನೋ ಹೇಳಲು ನೋಡಿದ. "ನಿನ್ನ ಹತ್ರ ಒಂದು..." ಎಂದು ನಿಲ್ಲಿಸಿ, ನೀರು ಕೇಳಿ ಕುಡಿದು, ಗೋಡೆಯ ಕಡೆ ಹೊರಳಿಕೊಂಡ.

ಸಾವಿನ ಮನೆಗೆ ಇಡೀ ಊರು ಬಂದಿತು. ಹೆಂಗಸರು ಬುಡೇನ ಎಂಬ ಹುಳಿಹಿಟ್ಟಿನ ರೊಟ್ಟಿ, ಕಾಫಿ ಹೊತ್ತು ತಂದು ಚಾಪೆಯ ತುಂಬ ಕೂತರು. ಲುಬಾಬಾ ಆ ಮನೆಯಲ್ಲಿ ಅಷ್ಟು ಜನರನ್ನು ಕಂಡು ಬಹಳ ಕಾಲವಾಗಿತ್ತು. ಮೂಲೆಯ ಕಂಬಕ್ಕೊರಗಿ, ಯಾರೂ ಹತ್ತಿರ ಬಾರದಂತೆ ಮೊಣಕಾಲು ಅಪ್ಪಿಕೊಂಡು ಕೂತಳು. ದುಃಖದ ನಡುವೆಯೂ ಒಂದೇ ಯೋಚನೆ: ಬೆಕ್ಕುಗಳಿಗೆ ಮೇವು ಹಾಕಬೇಕು, ಬೆಂಕಿ ಆರಬಾರದು, ಈ ಜನ ಎದ್ದು ಹೋಗುತ್ತಿಲ್ಲವಲ್ಲ.

ಶೋಕದ ದಿನಗಳು ಕಳೆದ ಮೇಲೆ ಹಾಜಿ ಮುದೆಸಿರ್ ಸಂತಾಪ ಹೇಳಲು ಬಂದ. ಅವನ ಜೊತೆ ಊರಿನ ಹಿರಿಯ ಅಬ್ಬಾ ಬೋರ್ ಬಂದು ಅತ್ತಿ ಮರದ ಕೆಳಗೆ ಕೂತ. ಅಂದು ಮುಂಜಾನೆಯೇ ಲುಬಾಬಾ ನಿರ್ಧಾರ ಮಾಡಿದ್ದಳು. ಇನ್ನು ಯಾರ ಹೆಸರಿನಲ್ಲಿ ಬಾಗಿಲು ಮುಚ್ಚಿಕೊಳ್ಳುವುದು? ತುಂಬಿದ ಕೊಂಬನ್ನು ತಂದು ಅವರ ಮುಂದಿಟ್ಟು, ನಿಂತೇ ಹೇಳಿದಳು.

"ಹಾಜಿಯವರೇ, ನಿಮಗೆ ಮೋಸ ಮಾಡಿದ್ದೀವಿ. ಅಪ್ಪನಿಗೆ ಕಣ್ಣು ಹೋದಾಗಿಂದ ಪುನುಗು ತೆಗೆದಿದ್ದೆಲ್ಲ ನಾನು. ಹೆಣ್ಣಿನ ಕೈಯಿಂದ ತೆಗೆದದ್ದು. ಬೇಕಾದ್ರೆ ಒಯ್ಯಿರಿ, ಬೇಡಾಂದ್ರೆ ಇಲ್ಲೇ ಚೆಲ್ಲಿ. ಶಾಪ ಹಾಕೋದಾದ್ರೆ ನನಗೆ ಹಾಕಿ, ಸತ್ತವನಿಗೆ ಬೇಡ."

ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಬ್ಬಾ ಬೋರ್ ಕೆಮ್ಮಿದ.

"ಕೂತ್ಕೋ ತಾಯಿ" ಎಂದ. "ಅದು ಗೊತ್ತಿರೋ ವಿಷಯಾನೇ ಅಲ್ವಾ?"

"ಯಾರಿಗೆ ಗೊತ್ತಿರೋದು?"

"ಯಾರಿಗೆ ಅಂದ್ರೆ, ಎಲ್ಲರಿಗೂ. ನೀನು ತೊರೆ ದಾರೀಲಿ ಹೋದ್ರೆ ಆ ದಾರಿ ಮಧ್ಯಾಹ್ನದವರೆಗೂ ಹೇಳುತ್ತೆ. ನನ್ನ ಹೆಂಡತಿ ಮೊದಲನೇ ವಾರಾನೇ ಬಂದು ಹೇಳಿದ್ಲು, ಅಬ್ಬಾ ಬುಲ್ಗು ಮಗಳನ್ನ ಗುಡಿಸಲಿಗೆ ಬಿಟ್ಟಿದ್ದಾನೆ ಅಂತ. ಅಪ್ಪನ ಬಟ್ಟೆ ಒಗೆದ್ರೆ ಕೈ ನಾರಬಹುದು, ಕೂದಲಿನ ಬುಡ ಯಾಕೆ ನಾರುತ್ತೆ?"

ಲುಬಾಬಾ ಅತ್ತಿ ಮರದ ಬೇರಿನ ಮೇಲೆ ಕೂತಳು.

"ಮತ್ತೆ ಯಾಕೆ ಯಾರೂ..."

"ಏನಂತ ಹೇಳೋದು? ಕುರುಡನಾದವನು ತನ್ನ ಮಾನ ಕಾಪಾಡ್ಕೊಳ್ತಿದ್ದ. ನೀನೂ ಯಾರನ್ನೂ ಹತ್ರ ಸೇರಿಸ್ತಿರ್ಲಿಲ್ಲ. ಬಾಯಿಬಿಟ್ಟು ಅವರಿಗೆ ಅವಮಾನ ಮಾಡೋದ್ಯಾಕೆ ಅಂತ ಊರು ಸುಮ್ಮನಿತ್ತು."

ಹಾಜಿ ಮುದೆಸಿರ್ ಸಮಾಧಾನದ ದನಿಯಲ್ಲಿ ಸೇರಿಸಿದ: "ನಮ್ಮ ವ್ಯಾಪಾರದಲ್ಲಿ ಇದೇನು ಹೊಸದಲ್ಲ, ಮಗಳೇ. ಗಂಡಸರ ಹೆಸರು, ಹೆಂಗಸರ ಕೈ, ಅಂಥ ಮನೆ ಎಷ್ಟೋ ಇವೆ. ನಾನು ನಿಮ್ಮಪ್ಪನಿಗೆ ಆಗಲೇ ಹೇಳಿದ್ದೆ, ನಿನ್ನ ಮಗಳ ಕೈ ನಿನ್ನ ಕೈಗಿಂತ ಚೆನ್ನಾಗಿದೆ, ಊರಿಗೆಲ್ಲ ಗೊತ್ತಿರೋದನ್ನ ಯಾಕೆ ಬಚ್ಚಿಡ್ತೀಯ ಅಂತ. ಅವನು, ಹಾಜಿ, ಅವಳ ಮುಂದೆ ಈ ಮಾತು ಎತ್ತಬೇಡ, ಅವಳಿಗೆ ನಾಚಿಕೆ ಅಂದ. ಅದಕ್ಕೇ ನಾನು ಅವನ ಹೆಸರಿನಲ್ಲೇ ನಿನ್ನನ್ನ ಹೊಗಳ್ತಿದ್ದೆ."

"ಯಾವಾಗ ಹೇಳಿದ್ದು?"

"ಅದಾಗಿ ಬಹಳ ವರ್ಷವಾಯ್ತು. ನನ್ನ ದೊಡ್ಡ ಮಗನ ಮದುವೆ ಆಗಿರ್ಲಿಲ್ಲ ಆಗ."

ಅವೊಲ್ ಹಿರಿಯರನ್ನು ಕಳಿಸಿದ್ದು ಹಾಜಿಯ ದೊಡ್ಡ ಮಗನ ಮದುವೆ ಮುಗಿದ ಮೇಲೆ, ಅದೇ ವರ್ಷ. ಅವೊಲ್‌ನ ಬಿಳಿ ಜೇನಿನ ಇನ್ನೊಂದು ಮಡಕೆ ಆ ಮದುವೆಗೆ ಹೋಗಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಊರಿಗೆಲ್ಲ ಗೊತ್ತಿದೆ ಎಂದು ತಂದೆಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಕರೆದು, ನಿನ್ನಿಷ್ಟ ಎಂದಿದ್ದ.

ಅವಳು ಕೂಗಾಡಲಿಲ್ಲ. ಅತಿಥಿಗಳಿಗೆ ಕಾಫಿ ಮಾಡಿ ಕೊಟ್ಟಳು. ಅವರು ಹೋದ ಮೇಲೆ ಮುಂಬಾಗಿಲಿನಿಂದಲೇ, ಹಾಡಹಗಲಿನಲ್ಲಿ, ಅಂಗಳ ದಾಟಿ ಗುಡಿಸಲಿಗೆ ಹೋದಳು. ಬಾಗಿಲು ತೆರೆದಿಟ್ಟು ಕೆಲಸ ಮಾಡಿದಳು. ಬೆಳಕು ಕಂಡು ಬೆಕ್ಕುಗಳು ಗಾಬರಿಯಾಗಿ ಕಿರುಚಿದವು. ಆಮೇಲೆ ಅಳುವುದಕ್ಕೆ ಶುರು ಮಾಡಿದಳು. ತಂದೆ ಸತ್ತಾಗ ಬಾರದಿದ್ದ ಅಳು ಅದು. ಕುರುಡ ಮುದುಕ ಒಬ್ಬನೇ ಆಗಿಬಿಡುತ್ತೇನೆಂದು ಹೆದರಿದ್ದ, ಅದು ಅವಳಿಗೆ ಅರ್ಥವಾಗುತ್ತಿತ್ತು. "ನಂಗೆ ಭಯ ಆಗುತ್ತೆ, ಹೋಗ್ಬೇಡ" ಎಂದು ಒಂದು ಸಲ ಕೇಳಿದ್ದರೆ ತಾನು ಉಳಿಯುತ್ತಿದ್ದೆ ಎಂಬುದೂ ಗೊತ್ತಿತ್ತು. ಕೇಳಿ ಉಳಿಸಿಕೊಂಡಿದ್ದರೆ ಸಂಜೆ ಹೊತ್ತು ಮೆದಿನಾಳ ಮನೆಯ ಕಾಫಿಗಾದರೂ ಹೋಗಬಹುದಿತ್ತು. ಆ ವರ್ಷವೆಲ್ಲ ಅವಳು ತಂದೆಯ ಗೋರಿಯ ಕಡೆ ಹೋಗಲಿಲ್ಲ. ಹಬ್ಬದ ದಿನ ಗೋರಿಗಳನ್ನು ಸ್ವಚ್ಛ ಮಾಡುವಾಗ ಅವನ ಗೋರಿಯ ಕಳೆ ಕಿತ್ತವರು ಬೇರೆ ಯಾರೋ.

ಅವೊಲ್‌ನನ್ನು ಹುಡುಕಿಕೊಂಡು ಮಾತ್ರ ಹೋದಳು. ಅವನು ಕಾಡಿನ ಆಚೆ ಅಂಚಿನಲ್ಲಿ ಮನೆ ಕಟ್ಟಿದ್ದ. ಗಡ್ಡ ನರೆತಿತ್ತು, ಮರದಿಂದ ಬಿದ್ದು ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಹೊಸ ಕೊಳವೆಗೆ ಸೆಗಣಿ ಸಾರಿಸುತ್ತ ಅಂಗಳದಲ್ಲಿ ಕೂತಿದ್ದವನು ಅವಳನ್ನು ಕಂಡು ಎದ್ದು ನಿಂತ. ಅವಳು ದೂರದಲ್ಲೇ ನಿಂತು ಕೇಳಿದಳು.

"ಗುಡಿಸಲಿನ ಕೆಲಸ ನಾನೇ ಮಾಡ್ತಿದ್ದೆ ಅಂತ ನಿಮಗೂ ಗೊತ್ತಿತ್ತಾ?"

"ಜೇನಿಗೆ ಗೊತ್ತಾಗಿದ್ದು ನನಗೆ ಗೊತ್ತಾಗಲ್ವಾ? ಅವತ್ತು ನಿಮ್ಮ ನೆತ್ತೀಲಿ ಮುಳ್ಳು ಕೀಳ್ತಿರೋವಾಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಕೇಳೋಕೆ ಬಂದ್ರಾ?"

"ಗೊತ್ತಿದ್ದಕ್ಕೇ ಬಂದೆ. ಕುರುಡ ಅಪ್ಪನಿಗೋಸ್ಕರ ಇಷ್ಟು ಮಾಡೋಳು ಅಂತ." ಅವನು ಕೈಗೆ ಮೆತ್ತಿದ್ದ ಸೆಗಣಿಯನ್ನು ಹುಲ್ಲಿಗೆ ಒರೆಸಿದ. "ನಿಮ್ಮಲ್ಲಿಗೇ ಬಂದು ಇರ್ತಿದ್ದೆ. ನನಗೇನು ಹೊಲವೋ ಗದ್ದೆಯೋ, ಬಿಟ್ಟು ಬರೋಕೆ? ಆ ಮಾತು ಹೇಳೋಕೇ ಅವತ್ತು ದಾರೀಲಿ ಕಾದಿದ್ದೆ. ನೀವು ಕೋತಿ ಅಂದ್ರಿ."

"ಅಂದೆ."

"ಹ್ಞೂಂ."

ಒಳಗಿನಿಂದ ಅವನ ಹೆಂಡತಿ ಯಾರು ಬಂದಿದ್ದಾರೆ ಎಂದು ಕೇಳಿದಳು. "ಅಬ್ಬಾ ಬುಲ್ಗುವಿನ ಮಗಳು" ಎಂದು ಅವನು ಕೂಗಿ ಹೇಳಿದ. ಹೆಂಡತಿ ಹೊರಗೆ ಬಂದು, ಒಳ್ಳೆಯ ಮನಸ್ಸಿನಿಂದ ಕಾಫಿಗೆ ಕರೆದಳು. ಲುಬಾಬಾ ತಲೆನೋವು ಎಂದಳು. ಬಾಯಿಗೆ ತಾನಾಗಿ ಬಂದ ಮಾತು ಅದು. ಹಿಂತಿರುಗುವ ದಾರಿಯಲ್ಲಿ ಅವಳು ಹಳೆಯ ಅಭ್ಯಾಸದಂತೆ ಮನುಷ್ಯರ ದನಿ ಕೇಳಿದಲ್ಲೆಲ್ಲ ಗಿಡಗಳ ಮರೆಗೆ ಸರಿದಳು. ಸರಿದ ಮೇಲೆ, ಇನ್ನು ಸರಿಯಬೇಕಾಗಿಲ್ಲವಲ್ಲ ಎಂದು ನೆನಪಾಗುತ್ತಿತ್ತು.

ಗುಟ್ಟು ಹೋಯಿತು ಎಂದ ಮಾತ್ರಕ್ಕೆ ಜನರೊಡನೆ ಬೆರೆಯುವುದು ಬರುವುದಿಲ್ಲ. ಊರವರು ಕರೆದರೆ ಹೋಗತೊಡಗಿದಳು. ಹೋದರೆ ಬಾಗಿಲ ಹತ್ತಿರವೇ ಕೂರುವಳು. ಯಾವ ಮಾತಿಗೆ ನಗಬೇಕು, ಯಾವಾಗ ಬಾಯಿ ಹಾಕಬೇಕು ತಿಳಿಯದೆ, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುವಳು. ಮೂರನೆಯ ಸುತ್ತಿನ ಕಾಫಿಗೆ ಮೊದಲೇ ಎದ್ದುಬಿಡುವಳು. ಅವಳ ಬಗ್ಗೆ ಯಾರೂ ಕೆಟ್ಟದ್ದಾಡಲಿಲ್ಲ. ಆದರೆ ಇಪ್ಪತ್ತು ವರ್ಷಗಳ ಮಾತುಕತೆಯಲ್ಲಿ ಅವಳಿರಲಿಲ್ಲ; ಅವರ ಜೋಕುಗಳ ಬೇರು ಅವಳಿಗೆ ಗೊತ್ತಿರಲಿಲ್ಲ. ಬಿಕ್ಕಳಿಕೆ ಬರುವಂಥ ಆ ಹಳೆಯ ನಗು ಮತ್ತೆ ಬರಲಿಲ್ಲ.

ಪುನುಗಿನ ಕಾಲವೂ ಮುಗಿಯುತ್ತ ಬಂತು. ಬಿಳಿಯರ ದೇಶದಲ್ಲಿ ಈಗ ಅದನ್ನು ಸೀಸೆಗಳಲ್ಲಿ ಔಷಧಿ ಬೆರೆಸಿ ಮಾಡುತ್ತಾರಂತೆ, ಪ್ರಾಣಿಯದ್ದು ಬೇಡವಂತೆ ಎಂದು ಹಾಜಿ ಮುದೆಸಿರ್ ಹೇಳಿದ. ಅವನು ಬರುವುದು ಅಪರೂಪವಾಯಿತು. ಆಮೇಲೆ ಅವನ ಮೊಣಕಾಲು ಸೋತು ಬರುವುದೇ ನಿಂತಿತು. ಲುಬಾಬಾ ಬೆಕ್ಕುಗಳನ್ನು ಒಂದೇ ಸಲಕ್ಕೆ ಬಿಡಲಿಲ್ಲ. ಒಂದೊಂದನ್ನೇ ಗೂಡು ಸಮೇತ ಹೊತ್ತು ಕಾಡಿನೊಳಗೆ ತೊರೆಯ ಮೇಲ್ಭಾಗಕ್ಕೆ ಹೋಗಿ, ಕೋಲು ಸರಿಸಿ, ದೂರ ನಿಲ್ಲುತ್ತಿದ್ದಳು. ಕೆಲವು ಚಂಗನೆ ಹಾರಿ ಹೋದವು. ಒಂದು ಮುದಿ ಬೆಕ್ಕು ಹೊರಗೆ ಬಂದು ಎರಡು ಹೆಜ್ಜೆ ಇಟ್ಟು ಮಲಗಿಬಿಟ್ಟಿತು. ಅದರ ಕಾಲಿಗೆ ನಡೆಯುವುದು ಮರೆತು ಹೋಗಿತ್ತು. ಅದು ಸಾಯುವವರೆಗೆ ಅವಳು ದಿನವೂ ಅಲ್ಲಿಗೇ ಹೋಗಿ ಗಂಜಿ ಹಾಕಿ ಬಂದಳು.

ಗುಡಿಸಲು ಖಾಲಿಯಾದ ಮೇಲೆ ಅವಳು ದೊಡ್ಡ ಮನೆ ಬಿಟ್ಟು ಅಲ್ಲೇ ಮಲಗತೊಡಗಿದಳು. ಬೆಂಕಿ ಅಲ್ಲಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಮೆದಿನಾ ಹಸಿ ಕಾಫಿ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹೇಳದೆ ಕೇಳದೆ ಬಾಗಿಲಿಗೆ ಬಂದಳು. ಈಗ ಮೊಮ್ಮಕ್ಕಳನ್ನು ಕಂಡವಳು ಅವಳು, ದಪ್ಪಗಾಗಿದ್ದಳು. ಹೊಸ್ತಿಲು ದಾಟಿದ್ದೇ ಸೀನಿದಳು.

"ಥೂ! ಹೇಗಿದ್ದೀಯ ಮಾರಾಯ್ತಿ ಇದರೊಳಗೆ?"

"ಯಾಕೆ, ಇನ್ನೂ ಬರುತ್ತಾ ವಾಸ್ನೆ?"

"ಬರುತ್ತಾ ಅಂತೀಯಲ್ಲ! ನಿಂಗೆ ಬರಲ್ವಾ?"

"ಇಲ್ಲ ಕಣೇ. ಆ ಮೊದಲ ದಿನವೊಂದು ಬಿಟ್ರೆ ನಂಗೆ ಯಾವತ್ತೂ ಬಂದೇ ಇಲ್ಲ. ತೊಳ್ಕೊಂಡ್ರೆ ಹೋಯ್ತು ಅಂದ್ಕೊಳ್ತಿದ್ದೆ." ಲುಬಾಬಾ ಹುರಿಯುವ ಬಾಣಲೆಯನ್ನು ಬೆಂಕಿಗೆ ಇಟ್ಟಳು. "ಹೇಗಿರುತ್ತೆ ಅದು? ನನ್ನ ಮೈ ವಾಸ್ನೆ?"

ಮೆದಿನಾ ಕೂತು ಉಸಿರು ಸುಧಾರಿಸಿಕೊಂಡಳು. ತಮಾಷೆ ಮಾಡಲು ಬಾಯಿ ತೆರೆದವಳು ಗೆಳತಿಯ ಮುಖ ನೋಡಿ ನಿಲ್ಲಿಸಿದಳು.

"ಮೊದಲು ಮೂಗಿಗೆ ಹೊಡೆಯುತ್ತೆ, ಕೊಟ್ಟಿಗೆ ತರ. ಸ್ವಲ್ಪ ಹೊತ್ತು ಕೂತ್ರೆ ಬೇರೆ ಆಗುತ್ತೆ. ಬಿಸಿಲಿಗೆ ಹಾಕಿದ ಚರ್ಮ, ಬೆಣ್ಣೆ, ಯಾವುದೋ ಹೂವು. ನೀನು ದಾರೀಲಿ ಹೋದ್ಮೇಲೆ ನಾನು ಒಂದೊಂದು ಸಲ ಅಲ್ಲೇ ನಿಂತ್ಬಿಡ್ತಿದ್ದೆ. ಮುಂದೆ ಹೋಗೋಕೆ ಮನಸ್ಸೇ ಬರ್ತಿರ್ಲಿಲ್ಲ."

"ಒಂದಿನ ಕೂಗಬೇಕಿತ್ತು."

"ನೀನು ತಿರುಗಿ ನೋಡ್ಬೇಕಿತ್ತು."

ಮೆದಿನಾ ಸೆರಗಿನ ಬೀಜವನ್ನು ಬಾಣಲೆಗೆ ಸುರಿದಳು. ಬೀಜ ಚಟಪಟ ಎಂದಿತು. ಲುಬಾಬಾ ಸೌಟಿನಿಂದ ತಿರುವಿ, ಕುಟ್ಟಿ, ಕುದಿಸಿ ಬಗ್ಗಿಸಿದಳು. ಮೂರು ಸುತ್ತೂ ಕುಡಿದರು. ಹಸು ಕರೆಯುವ ಹೊತ್ತಾಯಿತು ಎಂದು ಮೆದಿನಾ ನೆಲಕ್ಕೆ ಕೈಯೂರಿ ಎದ್ದಳು. ಮಳೆ ನಿಂತಿರಲಿಲ್ಲ, ಲುಬಾಬಾ ಕಾಡುಬಾಳೆಯ ಅಗಲವಾದ ಎಲೆಯೊಂದನ್ನು ಕತ್ತರಿಸಿ ಅವಳ ತಲೆಗೆ ಹಿಡಿಯಲು ಕೊಟ್ಟು, ಬೇಲಿಯವರೆಗೂ ಜೊತೆಗೆ ನಡೆದಳು. ಅಲ್ಲಿಂದ ಒಬ್ಬಳೇ ಹಿಂತಿರುಗಿ, ಲೋಟಗಳನ್ನು ತೊಳೆದು ಕವುಚಿಟ್ಟಳು.